ಕನ್ನಡದಾಗ ಇನ್‌ಲೈನ್ ಸಜೆಶನ್ ಸರಿಮಾಡಿದ್ದು

ಕಲಬುರಗಿ ತೊಗರಿಬ್ಯಾಳಿ ಅಂಗಡಿ ಆರ್ಡರ್ ಫಾರ್ಮ್‌ನಾಗ ಊರ ಹೆಸರು ಟೈಪ್ ಮಾಡಿದಂಗ ಉಳಿದ ಅಕ್ಷರ ಬೂದಿ ಬಣ್ಣದಾಗ ಮುಂದ ಬರಬೇಕಿತ್ತು, ಇಂಗ್ಲಿಷ್‌ನಾಗ ಛಲೋ ನಡೀತು ಆದ್ರ ಚಿಂಚೋಳಿಗೆ ‘ಚ’ ಹೊಡದ್ರ ಉಳಿದದ್ದು ಬ್ಯಾರೆ ಸ್ಪ್ಯಾನ್‌ನಾಗ (ಪುಟದಾಗ ಪಠ್ಯದ ತುಣುಕು ಇಡೋ HTML ಟ್ಯಾಗ್) ಗುಡಿಸಿನಿಂದ ಶುರುವಾಗಿ ಚುಕ್ಕಿ ವೃತ್ತ ಕಾಣಸ್ತಿತ್ತು. ಜಾವಾಸ್ಕ್ರಿಪ್ಟ್‌ಗೆ ‘ಚಿಂ’ ಅಂದ್ರ ಒಂದಲ್ರಿ, 3 ಕೋಡ್: ಚ, ಗುಡಿಸು, ಸೊನ್ನಿ.

ಪಠ್ಯಾನ ಅಕ್ಷರ ಅಕ್ಷರ ಬಿಡಿಸೋ ಜಾವಾಸ್ಕ್ರಿಪ್ಟ್‌ನ Intl.Segmenter ಹಾಕಿ ಪೂರ್ತಿ ಅಕ್ಷರ ಕೂಡಿದ್ರಷ್ಟೇ ತೋರ್ಸೋಹಂಗ ಮಾಡಿದೆ. ಆದ್ರೂ ‘ಚಿತ್ತಾಪುರ’ ಅನ್ನೋ ಹೆಸರಿನಾಗ ಅದು ‘ತ್’, ‘ತಾ’ ಬ್ಯಾರೆ ಮಾಡ್ತದ, ಒತ್ತಕ್ಷರ ಒಡೀತದ, ಅದಕ್ಕ ಟೈಪಾದದ್ದು ಹಲಂತಕ್ಕ (್) ಮುಗದ್ರ ಸಜೆಶನ್ ಬ್ಯಾಡ ಅಂತ ಒಂದು ಇಫ್ ಷರತ್ತು ಹಾಕೀನಿ.

ಇನ್ನೊಂದು ಭಾಳ ಮುಖ್ಯ: ಕೀಬೋರ್ಡ್ ಅಕ್ಷರ ಇನ್ನೂ ಕೂಡಿಸ್ತಿರೋ ಮುಂದ ಅದನ್ನ ಹೇಳೋ isComposing ಗುರುತು ನೋಡಿ ಕೋಡ್ ಸುಮ್ನಿರಬೇಕು, ಇಲ್ಲಾಂದ್ರ ಟೈಪ್ ಮಾಡಿದ್ದೇ ಕೆಡ್ತದ. ಸಜೆಶನ್ ಒಪ್ಪೋದು ಟ್ಯಾಬ್‌ಗಷ್ಟೇ ಇಡ್ರಿ, ಎಂಟರ್ ಒತ್ತಿದ್ರ ಫಾರ್ಮ್ ಹೋಗಿಬಿಡ್ತದ.