ಹಾಥಾರ್ನ್: ಅರ್ಧ ಆರೈಕೆ ತಳಿ ಆರಿಸುವಾಗಲೇ

ಹಾಥಾರ್ನ್ ಅಂದರೆ ಹೂವಿಗಾಗಿ ಬೆಳೆಸುವ, ಕೆಂಪು ಹಣ್ಣು ಬಿಡುವ ಸಣ್ಣ ಮುಳ್ಳುಮರ. ನನ್ನ ತೋಟದಲ್ಲಿ ಅದರ ಎರಡು ತಳಿಗಳಿವೆ, ಒಂದು ಪಾಲ್ಸ್ ಸ್ಕಾರ್ಲೆಟ್, ಇನ್ನೊಂದು ವಿಂಟರ್ ಕಿಂಗ್. ಒಂದಕ್ಕೇ ಜಾಗ ಇದೆ, ಯಾವುದು ನೆಡಲಿ ಅಂತ ಯಾರಾದರೂ ಕೇಳಿದರೆ ಎರಡನೆಯದನ್ನೇ ಹೇಳುತ್ತೇನೆ. ಹೂವಿನ ಚೆಂದದಲ್ಲಿ ಮೊದಲನೆಯದಕ್ಕೆ ಸಾಟಿಯಿಲ್ಲ, ನಿಜ. 1858ರಲ್ಲಿ ಇಂಗ್ಲೆಂಡಿನಲ್ಲಿ ಗುಲಾಬಿ ಬಣ್ಣದ ಮರವೊಂದರ ಕೊಂಬೆಯಲ್ಲಿ ತಾನಾಗಿ ಕಾಣಿಸಿಕೊಂಡ ಕೆಂಪು ಸುತ್ತುಹೂವಿನ (ಎಸಳುಗಳು ಸುತ್ತು ಸುತ್ತಾಗಿ ತುಂಬಿದ ಹೂವಿನ) ತಳಿ ಅದು. ಆದರೆ ವಸಂತದಲ್ಲಿ ಮಳೆ ಜಾಸ್ತಿಯಾದರೆ ಎಲೆಚುಕ್ಕೆ ರೋಗ ಬಿಡುವುದಿಲ್ಲ. ಕಂದು ಚುಕ್ಕೆ ಬಿದ್ದ ಎಲೆ ಹಳದಿಯಾಗಿ, ಬೇಸಿಗೆ ಮುಗಿಯುವ ಮೊದಲೇ ಮರ ಬೋಳು. ಸುತ್ತುಹೂವಾದ್ದರಿಂದ ಹಣ್ಣೂ ಅಷ್ಟಕ್ಕಷ್ಟೇ. ಉದುರಿದ ಎಲೆಗಳನ್ನೆಲ್ಲ ಗುಡಿಸಿ ಹೊರಗೆ ಹಾಕುತ್ತೇನೆ, ನೀರನ್ನು ಬುಡಕ್ಕೆ ಮಾತ್ರ ಬಿಡುತ್ತೇನೆ.

ವಿಂಟರ್ ಕಿಂಗ್‌ಗೆ ಬಿಳಿ ಹೂ, ಮುಳ್ಳು ಕಡಿಮೆ. ಎಲೆ ಉದುರಿದ ಮೇಲೂ ಕೆಂಪು ಹಣ್ಣು ಕೊಂಬೆಯಲ್ಲೇ ಉಳಿದು ಚಳಿಗಾಲದಲ್ಲಿ ಹಕ್ಕಿಗಳನ್ನು ಕರೆಯುತ್ತದೆ. ಇದಕ್ಕಿರುವ ಕಾಟ ತುಕ್ಕುರೋಗ. ಆಗ ಹಣ್ಣಿನ ಮೈತುಂಬ ಸಣ್ಣ ಬಿಳಿ ಕೊಳವೆಗಳು ಏಳುತ್ತವೆ, ಮುಟ್ಟಿದರೆ ಕಿತ್ತಳೆ ಪುಡಿ ಬೆರಳಿಗೆ ಅಂಟುತ್ತದೆ. ಈ ಶಿಲೀಂಧ್ರ ಅರ್ಧ ಬಾಳನ್ನು ಜುನಿಪರ್ ಎಂಬ ನಿತ್ಯಹಸಿರು ಗಿಡದ ಮೇಲೆ ಕಳೆಯುತ್ತದೆ. ಹಾಗಾಗಿ ಅವೆರಡನ್ನೂ ಅಕ್ಕಪಕ್ಕ ನೆಡಬಾರದು.

ನೆಟ್ಟಿದ್ದು ಎಲೆಯಿಲ್ಲದ ಕಾಲದಲ್ಲಿ. ಗುಂಡಿ ಅಗಲವಾಗಿರಲಿ, ಆಳ ಬೇರಿನಷ್ಟೇ ಸಾಕು. ಬೇರು ಹರಡಲು ಶುರುವಾಗುವ ಜಾಗ ಮಣ್ಣಿನ ಮಟ್ಟದಲ್ಲೇ ಕಾಣಬೇಕು. ಜಿಗುಟು ಮಣ್ಣನ್ನೂ ಗಾಳಿಯನ್ನೂ ತಾಳಿಕೊಳ್ಳುವ ಮರ ಇದು, ನೆರಳಲ್ಲಿ ಮಾತ್ರ ಹೂ ಸೊರಗುತ್ತದೆ. ಮೊದಲೆರಡು ಬೇಸಿಗೆ ನೀರು ತಪ್ಪಿಸಬಾರದು. ಗೊಬ್ಬರದಲ್ಲಿ ಕೈ ಬಿಗಿ ಹಿಡಿಯಿರಿ: ಸಾರಜನಕ ಹೆಚ್ಚಾದರೆ ಎಳೆ ಚಿಗುರು ಸೊಕ್ಕಿ ಬೆಂಕಿರೋಗವನ್ನು ಕರೆಯುತ್ತದೆ.

ಅದು ಬ್ಯಾಕ್ಟೀರಿಯಾದಿಂದ ಬರುವ ರೋಗ. ಚಿಗುರಿನ ತುದಿ ಕೊಕ್ಕೆಯಂತೆ ಬಾಗುತ್ತದೆ, ಎಲೆ ಸುಟ್ಟು ಕಪ್ಪಾದರೂ ಉದುರುವುದಿಲ್ಲ. ಕಂಡ ತಕ್ಷಣ, ಒಣ ಹವೆಯ ದಿನ ನೋಡಿ, ರೋಗ ಕಾಣುವ ಜಾಗಕ್ಕಿಂತ 20-30 ಸೆಂ.ಮೀ. ಕೆಳಗೆ ಕತ್ತರಿಸಬೇಕು. ಪ್ರತಿ ಸಲವೂ ಕತ್ತರಿಯನ್ನು ಶೇ. 70ರ ಆಲ್ಕೋಹಾಲ್‌ನಲ್ಲಿ ಒರೆಸುತ್ತೇನೆ. ಬೇಸರದ ಕೆಲಸ, ಆದರೂ ಬಿಡುವಂತಿಲ್ಲ.

ಉಳಿದ ಸವರುವಿಕೆ ಚಳಿಗಾಲದ ಕೊನೆಗೆ. ಹೂ ಬರುವುದು ಹಳೆಯ ಕೊಂಬೆಯ ಗಿಡ್ಡ ಕವಲುಗಳಲ್ಲಿ. ಬೇಲಿ ಕತ್ತರಿಸಿದಂತೆ ಸುತ್ತಲೂ ಬೋಳಿಸಿದರೆ ಮುಂದಿನ ಹೂ ಹೋಯಿತೆಂದೇ ಲೆಕ್ಕ. ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ತಲೆಗೆ ತಾಗುವ ಕೆಳಗಿನ ಕೊಂಬೆ, ಇಷ್ಟನ್ನೇ ತೆಗೆಯುತ್ತೇನೆ. ದಪ್ಪ ಚರ್ಮದ ಕೈಗವಸು, ಕನ್ನಡಕ ಕಡ್ಡಾಯ. ಕತ್ತರಿಸಿದ ತುಂಡು ನೇರ ಬಕೆಟ್ಟಿಗೆ ಹೋಗಲಿ, ಹುಲ್ಲಿನಲ್ಲಿ ಬಿದ್ದ ಮುಳ್ಳು ಸೈಕಲ್ ಟೈರನ್ನೂ ಬಿಡುವುದಿಲ್ಲ.

ಮಲಗುವ ಕೋಣೆಯ ಕಿಟಕಿ ಹತ್ತಿರ ಮಾತ್ರ ಬೇಡ. ಕೆಲವು ಜಾತಿಗಳ ಹೂವಿನಲ್ಲಿ ಟ್ರೈಮೀಥೈಲಮೀನ್ ಎಂಬ ರಾಸಾಯನಿಕ ಇರುತ್ತದೆ, ಹಳಸಿದ ಮೀನಿನ ವಾಸನೆಯೂ ಅದರದ್ದೇ. ನೊಣಗಳಿಗೆ ಅದು ಹಬ್ಬ.

ಬೀಜದಿಂದ ಬೆಳೆಸುವ ಆಸೆಯಿದ್ದರೆ ತಾಳ್ಮೆ ಬೇಕು, ಮೊಳಕೆಗೆ ಒಂದೂವರೆ ವರ್ಷವೂ ಹಿಡಿಯಬಹುದು. ಹುಟ್ಟಿದ ಗಿಡ ತಾಯಿಯಂತೆಯೇ ಇರುತ್ತದೆಂಬ ಭರವಸೆಯೂ ಇಲ್ಲ. ಅದಕ್ಕೇ ಹೆಸರಿರುವ ತಳಿಗಳೆಲ್ಲ ಸಾಮಾನ್ಯವಾಗಿ ಕಸಿ ಗಿಡಗಳು. ಕಸಿಯ ಕೆಳಗಿನಿಂದ ಚಿಗುರೊಡೆದರೆ ಎಳೆಯದಿರುವಾಗಲೇ ಕಿತ್ತುಹಾಕಿ. ಬಿಟ್ಟರೆ ಅದೇ ಮರವನ್ನು ಆಳುತ್ತದೆ.