ಉಬುಂಟುವಿನಲ್ಲೇ ಡಿಸ್ಕ್ ಭಾಗ ಮಾಡಿದೆ, ಎಲ್ಲರಿಗೂ ಓಪನ್ ಆಗೋ ಹಾಗೆ

ತುಮಕೂರಿನ ನಮ್ಮ ಸ್ಟುಡಿಯೋದಲ್ಲಿ ಎಡಿಟಿಂಗ್ ಎಲ್ಲ ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನಲ್ಲೇ ನಡೆಯುತ್ತದೆ. ಆಲ್ಬಂ ಪ್ರಿಂಟ್ ಮಾಡುವವರ ಹತ್ತಿರ ವಿಂಡೋಸ್ ಇದೆ. ಜೊತೆಗೆ ಶೂಟ್ ಮಾಡುವ ಗೆಳೆಯನದು ಮ್ಯಾಕ್. ಹೊಸದಾಗಿ ತಂದ 2 ಟಿಬಿ ಡಿಸ್ಕ್ ಮೂರೂ ಕಡೆ ನಡೆಯಬೇಕಿತ್ತು.

ಫೈಲ್‌ಗಳನ್ನು ಡಿಸ್ಕಿನಲ್ಲಿ ಜೋಡಿಸುವ ಕ್ರಮಕ್ಕೆ ಫಾರ್ಮ್ಯಾಟ್ ಅಂತಾರೆ. ಫ್ಯಾಟ್32 ಎಂಬ ಫಾರ್ಮ್ಯಾಟ್ ಆಗುವುದಿಲ್ಲ. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಧಾರೆಯ ವಿಡಿಯೋ ಒಂದೇ ಅದನ್ನು ಮೀರುತ್ತದೆ. ಎನ್‌ಟಿಎಫ್‌ಎಸ್ ಇಟ್ಟರೆ ಮ್ಯಾಕ್ ಓದುತ್ತದೆ, ತಾನಾಗಿ ಬರೆಯುವುದಿಲ್ಲ. ಉಳಿದದ್ದು ಎಕ್ಸ್‌ಫ್ಯಾಟ್. 2019ರ ಲಿನಕ್ಸ್ ಕರ್ನಲ್ (ಸಿಸ್ಟಮ್‌ನ ತಿರುಳು) 5.4ರಿಂದ ಅದರ ಡ್ರೈವರ್ ಕರ್ನಲ್ ಒಳಗೇ ಬಂತು. ಡಿಸ್ಕ್ ಭಾಗ ಮಾಡುವ ಜಿಪಾರ್ಟೆಡ್ ತಂತ್ರಾಂಶದಲ್ಲಿ ಫಾರ್ಮ್ಯಾಟ್ ಮಾಡಲು ಮಾತ್ರ ಎಕ್ಸ್‌ಫ್ಯಾಟ್‌ಪ್ರಾಗ್ಸ್ ಪ್ಯಾಕೇಜ್ ಹಾಕಿಕೊಂಡೆ.

ಹಾಗಂತ ಇಡೀ ಡಿಸ್ಕನ್ನು ಅದಕ್ಕೇ ಕೊಡಲಿಲ್ಲ. ಎಕ್ಸ್‌ಫ್ಯಾಟ್‌ಗೆ ಜರ್ನಲಿಂಗ್, ಅಂದರೆ ಬದಲಾವಣೆಗಳನ್ನು ಮೊದಲೇ ಗುರುತು ಹಾಕಿಕೊಳ್ಳುವ ವ್ಯವಸ್ಥೆ, ಇಲ್ಲ. ಕಾಪಿ ಆಗುತ್ತಿರುವಾಗ ಕರೆಂಟ್ ಹೋದರೆ ಫೈಲ್ ಕೆಡುವ ಭಯ ಜಾಸ್ತಿ. ನಮ್ಮೂರಿನ ಕರೆಂಟ್ ಗೊತ್ತಲ್ವಾ! ಅದಕ್ಕೆ ಜಿಪಿಟಿ ಟೇಬಲ್ (ಡಿಸ್ಕಿನ ಭಾಗಗಳ ಪಟ್ಟಿ) ಹಾಕಿ ಎರಡು ಭಾಗ ಮಾಡಿದೆ. ಮೊದಲನೆಯದು ಎಲ್ಲರಿಗೂ, ಎಕ್ಸ್‌ಫ್ಯಾಟ್. ಎರಡನೆಯದು ನನ್ನ ಮೂಲ ಫೂಟೇಜ್‌ಗೆ, ಜರ್ನಲಿಂಗ್ ಇರುವ ಲಿನಕ್ಸ್ ಫಾರ್ಮ್ಯಾಟ್ ಇಎಕ್ಸ್‌ಟಿ4.

ಬಹಳ ಜನ ನೋಡದೇ ಬಿಡುವುದು ಇನ್ನೊಂದಿದೆ. ಜಿಪಿಟಿಯಲ್ಲಿ ಪ್ರತಿ ಭಾಗಕ್ಕೂ ಒಂದು 'ಟೈಪ್' ಇರುತ್ತದೆ. ಫಾರ್ಮ್ಯಾಟ್ ಬೇರೆ, ಇದು ಬೇರೆ. ಎಫ್‌ಡಿಸ್ಕ್ ಎಂಬ ಲಿನಕ್ಸ್ ಕಮಾಂಡ್‌ನಲ್ಲಿ ಹೊಸ ಭಾಗ ಮಾಡಿದರೆ ಅದು ಸುಮ್ನೆ 'ಲಿನಕ್ಸ್ ಫೈಲ್‌ಸಿಸ್ಟಮ್' ಅಂತ ಬರೆದುಬಿಡುತ್ತದೆ. ಆಮೇಲೆ ಎಕ್ಸ್‌ಫ್ಯಾಟ್ ಮಾಡಿದರೂ ವಿಂಡೋಸ್ ಆ ಭಾಗಕ್ಕೆ ಡಿ:, ಇ: ತರಹದ ಡ್ರೈವ್ ಅಕ್ಷರ ಕೊಡುವುದಿಲ್ಲ, ಹಾಗಾಗಿ ಅದು ಕಾಣುವುದೇ ಇಲ್ಲ. ಡಿಸ್ಕ್ ಹಾಳಾಗಿದೆ ಅಂತ ಅಂಗಡಿಗೆ ಓಡುವವರು ಇದ್ದಾರೆ. ಎಫ್‌ಡಿಸ್ಕ್‌ನಲ್ಲಿ 'ಟಿ' ಒತ್ತಿ 'ಮೈಕ್ರೋಸಾಫ್ಟ್ ಬೇಸಿಕ್ ಡೇಟಾ' ಆರಿಸಿ, 'ಡಬ್ಲ್ಯು' ಒತ್ತಿ ಉಳಿಸಿದರೆ ಸಾಕು. ಒಳಗಿನ ಫೈಲ್‌ಗಳಿಗೆ ಏನೂ ಆಗುವುದಿಲ್ಲ.

ಇದೇ ಗುಣ ನನ್ನ ಇಎಕ್ಸ್‌ಟಿ4 ಭಾಗಕ್ಕೆ ಕಾವಲು. ಅದರ ಟೈಪ್ ಲಿನಕ್ಸ್ ಎಂದೇ ಉಳಿಸಿದೆ. ಬೇಸಿಕ್ ಡೇಟಾ ಅಂತ ಇದ್ದಿದ್ದರೆ ವಿಂಡೋಸ್ 'ಫಾರ್ಮ್ಯಾಟ್ ಮಾಡಲೇ?' ಎಂದು ಕೇಳುತ್ತಿತ್ತು. ಪ್ರೆಸ್‌ನ ಹುಡುಗ ಗಡಿಬಿಡಿಯಲ್ಲಿ ಓಕೆ ಒತ್ತಿದರೆ ಮುಗೀತು. ಈಗ ಆ ಪ್ರಶ್ನೆಯೇ ಏಳುವುದಿಲ್ಲ.

'ಗೂಳೂರು ಗಣಪತಿ' ಅಂತ ಕನ್ನಡದಲ್ಲೇ ಫೋಲ್ಡರ್ ಹೆಸರು ಇಡುತ್ತೇನೆ, ಮೂರೂ ಕಡೆ ಸರಿಯಾಗಿ ಕಾಣುತ್ತದೆ. ಆದರೆ ಹೆಸರಿನಲ್ಲಿ ಕೋಲನ್, ಪ್ರಶ್ನೆ ಚಿಹ್ನೆ ಇದ್ದರೆ ಎಕ್ಸ್‌ಫ್ಯಾಟ್ ಒಪ್ಪುವುದಿಲ್ಲ. ಸಮಯವನ್ನು 10:30 ಎಂದು ಬರೆಯುವ ಬದಲು 10-30 ಎಂದು ಬರೆಯುತ್ತೇನೆ.