ದೊಡ್ಡಪ್ಪನ ರಿವಾಲ್ವರಿನ ನಳಿಗೆ ನೋಡಿದ ಬಗೆ

ದೊಡ್ಡಪ್ಪನಿಗೆ ಎಂಬತ್ತು ದಾಟಿದೆ. ಶಿವಮೊಗ್ಗದ ಮಂಡಿಗೆ ಅಡಿಕೆ ಹಾಕಿ, ದುಡ್ಡನ್ನು ಪಂಚೆಯೊಳಗೆ ಕಟ್ಟಿಕೊಂಡು ಕೊನೇ ಬಸ್ಸಿಗೆ ತೀರ್ಥಹಳ್ಳಿಗೆ ಬರುತ್ತಿದ್ದ ಕಾಲದಲ್ಲಿ ತೆಗೆದುಕೊಂಡ ರಿವಾಲ್ವರ್ ಅದು, ಕಾನ್ಪುರದ ಕಾರ್ಖಾನೆಯ .32 (ಗುಂಡಿನ ಅಗಲ ಸುಮಾರು ಅಷ್ಟು ಇಂಚು). ಈಗ ದುಡ್ಡು ನೇರ ಬ್ಯಾಂಕಿಗೇ ಬೀಳುತ್ತದೆ. "ಇದ್ರ ರಗಳೆ ನಂಗೆ ಸಾಕಾತು ಮಾರಾಯ, ಬೇಕಾರೆ ನಿನ್ನ ಹೆಸರಿಗೆ ಮಾಡ್ಕ" ಅಂದರು.

ನನ್ನ ಹತ್ತಿರ ಬೆಳೆ ರಕ್ಷಣೆಯ ಕೋವಿ ಒಂದಿದೆ. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ಮೇಲೆ ಒಬ್ಬರ ಹೆಸರಲ್ಲಿ ಎರಡೇ ಇರಬಹುದು. ಅಂದರೆ ಇದು ನನ್ನ ಎರಡನೆಯದು, ಕೊನೆಯದು ಕೂಡ. ಹಾಳಾದದ್ದನ್ನು ಕಟ್ಟಿಕೊಂಡರೆ ಅದನ್ನೇ ಬಾಳಿಸಬೇಕು. ಲೈಸೆನ್ಸಿನ ಕಾಗದಪತ್ರ ಮೊದಲೇ ಆಗಿತ್ತು. ಕೊಡುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು. ಅಷ್ಟರೊಳಗೆ ಒಂದು ದಿನ ದೊಡ್ಡಪ್ಪನ ಜಗಲಿಯಲ್ಲಿ, ಅವರ ಎದುರಿಗೇ ಕೂತು ನಳಿಗೆಯ ಒಳಗನ್ನು ನೋಡಿದೆ.

ಮೊದಲು ಖಾಲಿ ಮಾಡಿ. ಈ .32 ಮಧ್ಯದಲ್ಲಿ ಮಡಚಿಕೊಳ್ಳುವ ಜಾತಿಯದು, ಮಡಚಿದರೆ ತೋಟಾ ಕೂರುವ ಆರೂ ಮನೆ ಕಾಣುತ್ತವೆ. ಕಂಡರೆ ಸಾಲದು, ಒಂದೊಂದಕ್ಕೂ ಕಡ್ಡಿ ಹಾಕಿ ಎಣಿಸಿ. ತೋಟಾಗಳು ಆ ಕೋಣೆಯಲ್ಲೇ ಇರಬಾರದು. ದೊಡ್ಡಮ್ಮ ಅವನ್ನು ಡಬ್ಬಿಗೆ ಹಾಕಿ ಒಳಗಿನ ಕಪಾಟಿಗೆ ಸೇರಿಸಿ ಬೀಗದ ಕೈ ಸೆರಗಿಗೆ ಕಟ್ಟಿಕೊಂಡರು.

ಬೆಳಕಿಗೆ ಹಿಡಿದರೆ ನನ್ನೆದೆ ಧಸಕ್ಕೆಂದಿತು. ಒಳಗೆಲ್ಲ ಬೂದಿ ಬಣ್ಣ, ಹಿಂಬದಿಯಲ್ಲಿ ಗಡ್ಡೆಗಡ್ಡೆ. ಗುಂಡನ್ನು ತಿರುಗಿಸುವ ಸುರುಳಿ ಗೀರುಗಳು ಹಿಂದಿನ ಅರ್ಧದಲ್ಲಿ ಕಾಣಿಸಲೇ ಇಲ್ಲ. ನನ್ನ ಜೊತೆ ಬಂದಿದ್ದ ಭಾವ "ತಿಂದು ಹೋಗಿದೆ, ಗುಜರಿಗೆ" ಅಂತ ತೀರ್ಪು ಕೊಟ್ಟೇಬಿಟ್ಟ. ಹೆಚ್ಚಿನವರು ತಪ್ಪುವುದು ಇಲ್ಲೇ. ಕೊಳೆ ತುಂಬಿದ ನಳಿಗೆಯಲ್ಲಿ ಇಲ್ಲದ ರೋಗವೆಲ್ಲ ಕಾಣುತ್ತದೆ, ಇರುವ ರೋಗ ಮುಚ್ಚಿಹೋಗುತ್ತದೆ. ತೊಳೆಯದೆ ತೀರ್ಪು ಕೊಡಬೇಡಿ, ತೊಳೆಯುವ ಮೊದಲು ಬೆಲೆಯೂ ಮಾತಾಡಬೇಡಿ.

ತೊಳೆಯುವುದಕ್ಕೆ ಬೇಕಾದ್ದು ಹಿತ್ತಾಳೆಯ ರಾಡು, .32ರ ಕಂಚಿನ ಬ್ರಷ್ಷು, ಹಳೇ ಬನಿಯನ್ನಿನ ಸಣ್ಣ ಚೌಕಗಳು, ಒಳಗೆ ಇಳಿಯುವಂಥ ತೆಳು ಎಣ್ಣೆ. ಹಿಂದಿನಿಂದ ಮುಂದಕ್ಕೆ ತಳ್ಳಿ. ಮಡಚದ ರಿವಾಲ್ವರಾದರೆ ಮುಂಬಾಯಿಯಿಂದಲೇ, ಅಂದರೆ ಗುಂಡು ಹೊರಬೀಳುವ ತುದಿಯಿಂದಲೇ ರಾಡು ಹಾಕಬೇಕಾಗುತ್ತದೆ. ಆಗ ರಾಡು ಅಂಚಿಗೆ ಉಜ್ಜದ ಹಾಗೆ ಬೆರಳು ಆನಿಸಿಕೊಳ್ಳಿ. ಆ ಅಂಚು ಒಂದು ಕಡೆ ಸವೆದರೆ ಗುಂಡು ದಾರಿ ತಪ್ಪುತ್ತದೆ. ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಉಜ್ಜಿದರೆ ಅರ್ಧ ಕೆಲಸ ತಾನಾಗಿ ಆಗಿರುತ್ತದೆ.

ನಮ್ಮ ಕಡೆಯ ಒಂದೆರಡು ಔಷಧಿಗಳ ಬಗ್ಗೆ ಹೇಳಲೇಬೇಕು. ತಾಮ್ರದ ಹಂಡೆ ಬೆಳಗಿದ ಹಾಗೆ ವಾಟೆಹುಳಿಯಲ್ಲಿ ಉಜ್ಜಿದರೆ ತುಕ್ಕು ಹೋಗುತ್ತದೆ ಅನ್ನುವವರಿದ್ದಾರೆ. ತುಕ್ಕಿನ ಜೊತೆಗೆ ಉಕ್ಕೂ ಹೋಗುತ್ತದೆ. ವಿನೆಗರಿಗೆ ಪೆರಾಕ್ಸೈಡ್ ಬೆರೆಸಿ ಸೀಸ ಕರಗಿಸುವ ವಿದ್ಯೆಯನ್ನೂ ಯಾರೋ ಹೇಳಿಕೊಟ್ಟಿದ್ದರು. ಅದರಿಂದ ಹುಟ್ಟುವ ಸೀಸದ ಲವಣ ವಿಷ, ಕೈಯ ಚರ್ಮದಲ್ಲೂ ಇಳಿಯುತ್ತದೆ. ಬೇಡವೇ ಬೇಡ. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ, ಹಳತಾದರೆ ಅಂಟಾಗುತ್ತದೆ. ಅದಕ್ಕಿಂತ ಹೊಲಿಗೆ ಮಿಷನ್ನಿನ ಎಣ್ಣೆ ಎಷ್ಟೋ ಪಾಲು ವಾಸಿ. ಅಜ್ಜಂದಿರು ಕೇಪಿನ ಕೋವಿಗೆ ಬಿಸಿನೀರು ಹೊಯ್ಯುತ್ತಿದ್ದರಲ್ಲ, ಅದು ಮಾತ್ರ ಸರಿಯಾದ ಲೆಕ್ಕ. ಕರಿಮದ್ದಿನ ಉಪ್ಪು ನೀರಿಗೆ ಕರಗುತ್ತದೆಯೇ ಹೊರತು ಎಣ್ಣೆಗೆ ಕರಗುವುದಿಲ್ಲ. ತುಂಬಾ ಹಳೆಯ ಕಾಲದ ತೋಟಾ ಹಾರಿಸಿದ ನಳಿಗೆಗೂ ಅದೇ ಮದ್ದು. ಬಿಸಿನೀರು ಹಾಯಿಸಿ, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ.

ಮಾರನೇ ದಿನ ಬಟ್ಟೆಯಲ್ಲಿ ಕಪ್ಪು ಬಂತು, ಕೆಂಪು ಬಂತು. ಗಡ್ಡೆಗಳು ಮಾತ್ರ ಹಾಗೇ ಕೂತಿದ್ದವು. ಹಾಗಾದರೆ ಸೀಸ. ಮೆದು ಸೀಸದ ಗುಂಡು ಬಿಗಿಯಾಗಿ ಕೂರದೆ ಹೋದರೆ ಬಿಸಿಗಾಳಿ ಅದರ ಪಕ್ಕದಲ್ಲಿ ನುಗ್ಗಿ ಸೀಸವನ್ನು ಕರಗಿಸಿ ನಳಿಗೆಗೆ ಮೆತ್ತುತ್ತದೆ. ದೋಸೆ ಕಾವಲಿಗೆ ಹಿಟ್ಟು ಹಿಡಿದ ಹಾಗೆ, ಈಡು ಹೊಡೆದಷ್ಟೂ ಪದರ ಏರುತ್ತದೆ. ತೆಗೆಯುವುದು ಕಷ್ಟವಿಲ್ಲ. ಪಾತ್ರೆ ಉಜ್ಜುವ ತಾಮ್ರದ ನಾರಿನಿಂದ ನಾಲ್ಕು ಎಳೆ ಕತ್ತರಿಸಿ ಹಳೇ ಬ್ರಷ್ಷಿಗೆ ಸುತ್ತಿ. ಮೊದಲು ಆ ನಾರಿಗೆ ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಅದು ತಾಮ್ರದ ನೀರು ಕುಡಿಸಿದ ಕಬ್ಬಿಣ, ನಳಿಗೆಯನ್ನು ಗೀರಿಬಿಡುತ್ತದೆ. ತೀರ್ಥಹಳ್ಳಿ ಸಂತೆಯಲ್ಲಿ ನಾನು ತಂದ ಮೂರರಲ್ಲಿ ಎರಡು ಅಂಟಿದವು! ಮೂರನೆಯದನ್ನು ಸುತ್ತಿ ಹದಿನೈದು ಸಲ ಓಡಿಸಿದಾಗ ಕೆಳಗೆ ಹಾಸಿದ್ದ ಬಿಳಿ ಕಾಗದದ ಮೇಲೆ ಬೆಳ್ಳಿ ಹೊಟ್ಟಿನಂಥದ್ದು ಉದುರಿತು. ಆ ಕಾಗದವನ್ನು ಮಡಚಿ ಕಸಕ್ಕೆ ಹಾಕಿ, ಕೈಯನ್ನು ಸೋಪಿನಲ್ಲಿ ತೊಳೆಯದೆ ಎಲೆ ಅಡಿಕೆಗೆ ಕೈ ಹಾಕಬೇಡಿ.

ಈಗ ನೋಡುವ ಹೊತ್ತು. ಟಾರ್ಚನ್ನು ನಳಿಗೆಯೊಳಗೇ ಬಿಟ್ಟರೆ ಕಣ್ಣು ಕುಕ್ಕುತ್ತದೆ, ಏನೂ ಕಾಣುವುದಿಲ್ಲ. ಒಂದು ತುದಿಗೆ ಬಿಳಿ ಕಾಗದ ಹಿಡಿದು ಟಾರ್ಚನ್ನು ಆ ಕಾಗದಕ್ಕೆ ಬಿಡಿ. ನಳಿಗೆಯನ್ನು ಮೆಲ್ಲಗೆ ತಿರುಗಿಸುತ್ತ ಇನ್ನೊಂದು ತುದಿಯಿಂದ ನೋಡಿ. ಮೊಬೈಲಿಗೆ ಸಿಕ್ಕಿಸುವ ಐದೂವರೆ ಮಿಲಿಮೀಟರಿನ ಕ್ಯಾಮೆರಾ ಎಂಟು ಮಿಲಿಮೀಟರಿಗೆ ತುಸು ಕಡಿಮೆ ಇರುವ ಈ ತೂತಿಗೆ ಹಿಡಿಸುತ್ತದೆ. ಆದರೆ ಅದರಲ್ಲಿ ಸಾಸಿವೆಯಷ್ಟು ಗುಳಿ ಬಾವಿಯಾಗಿ ಕಾಣುತ್ತದೆ. ಬರಿಗಣ್ಣಿನಲ್ಲಿ ನೋಡಿದ ಮೇಲೆ ಮಾತ್ರ ಅದನ್ನು ಬಳಸಿ.

ನನಗೆ ಕಂಡದ್ದು ಮೂರು ಕಪ್ಪು ಗುಳಿ, ಮೂರೂ ನಡುವಿನಲ್ಲಿ, ಕೆಳಬದಿಗೆ. ಬಂದ ಕಾರಣವೂ ಗೊತ್ತಾಯಿತು. 2023ರ ವಿಧಾನಸಭೆ ಚುನಾವಣೆಗೆ ಲೈಸೆನ್ಸ್ ಇರುವ ಉಳಿದವರಂತೆ ದೊಡ್ಡಪ್ಪನೂ ರಿವಾಲ್ವರನ್ನು ಠಾಣೆಗೆ ಜಮೆ ಮಾಡಿದ್ದರು, ಚರ್ಮದ ಚೀಲದ ಸಮೇತ. ಮಳೆ ಹಿಡಿದ ಮೇಲೆ ತಂದು ಅದೇ ಚೀಲದಲ್ಲಿ ಗೋಡೆಯ ಮೊಳೆಗೆ ನೇತುಹಾಕಿದ್ದರು. ಚರ್ಮ ನೀರನ್ನು ಹಿಡಿದಿಡುತ್ತದೆ, ಹದ ಮಾಡಿದ ಉಪ್ಪು ಹುಳಿ ಬೇರೆ ಅದರೊಳಗಿರುತ್ತದೆ. ಆಗುಂಬೆಯ ಮಳೆ ಸುರಿಯುವ ಊರಲ್ಲಿ ಅಷ್ಟು ಸಾಕು.

ನಡುವಿನ ಗುಳಿ ಆಯುಸ್ಸು ತೆಗೆಯುವುದಿಲ್ಲ. ಅಲ್ಲಿ ಕೊಳೆ ಬೇಗ ಹಿಡಿಯುತ್ತದೆ, ತೊಳೆಯುವ ಕೆಲಸ ಹೆಚ್ಚುತ್ತದೆ. ಮುಂಬಾಯಿಯ ಹತ್ತಿರವಿದ್ದರೆ ಗುರಿ ಕೆಡುತ್ತದೆ. ಬಟ್ಟೆಯ ನೂಲು ಸಿಕ್ಕಿ ಹರಿಯುವಷ್ಟು ಆಳವಿದ್ದರೆ ಕೋವಿ ರಿಪೇರಿಯ ಮಿಸ್ತ್ರಿಗೆ ತೋರಿಸದೆ ಹಾರಿಸಬಾರದು. ಗುಳಿ ಮಾಯ ಮಾಡುತ್ತೇನೆಂದು ಮರಳು ಕಾಗದ ತುರುಕಬೇಡಿ, ಒಳ್ಳೆಯ ಜಾಗವೂ ಸವೆದು ನಳಿಗೆ ಸಡಿಲವಾಗುತ್ತದೆ.

ನಾನು ನಿಜಕ್ಕೂ ಹೆದರಿದ್ದು ಉಬ್ಬಿಗೆ. ನಮ್ಮ ಥಂಡಿಯಲ್ಲಿ ವರ್ಷಗಟ್ಟಲೆ ಇಟ್ಟ ತೋಟಾ ಕೆಲವು ಸಲ ಢಮ್ ಅನ್ನದೆ ಟುಸ್ ಅನ್ನುತ್ತದೆ. ಗುಂಡು ಅರ್ಧ ದಾರಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಅದು ತಿಳಿಯದೆ ಇನ್ನೊಂದು ಈಡು ಹೊಡೆದರೆ ನಳಿಗೆ ಆ ಜಾಗದಲ್ಲಿ ಬಳೆಯಂತೆ ಉಬ್ಬುತ್ತದೆ, ಇಲ್ಲ ಸೀಳುತ್ತದೆ. ಟುಸ್ ಕೇಳಿದರೆ ಟ್ರಿಗರಿನಿಂದ ಬೆರಳು ತೆಗೆದು, ಬಾಯಿ ಸುರಕ್ಷಿತ ದಿಕ್ಕಿಗೆ ಹಿಡಿದು ಅರ್ಧ ನಿಮಿಷವಾದರೂ ಕಾಯಿರಿ. ಆಮೇಲೆ ಖಾಲಿ ಮಾಡಿ ನಳಿಗೆ ನೋಡಿ. ದೊಡ್ಡಪ್ಪನನ್ನು ಕೇಳಿದೆ, "ಟುಸ್ ಅಂದಿದ್ದು ಇತ್ತಾ?" "ಯಾವನಿಗೆ ನೆನಪಿದೆ?" ಅಂದರು.

ಉಬ್ಬು ಒಳಗೆ ಅಡ್ಡಡ್ಡ ಕಪ್ಪು ಬಳೆಯಾಗಿ ಕಾಣುತ್ತದೆ. ನಳಿಗೆ ತಿರುಗಿಸಿದರೂ ಆ ನೆರಳು ಕದಲುವುದಿಲ್ಲ. ಹೊರಗೆ ಉಕ್ಕಿನ ಸ್ಕೇಲಿನ ಅಂಚು ಆನಿಸಿ ಬೆಳಕಿಗೆ ಹಿಡಿದರೆ ಕೆಲವು ಸಲ ಗೊತ್ತಾಗುತ್ತದೆ. ನಾನು ಕಣ್ಣಿಗಿಂತ ಕೈಯನ್ನೇ ನಂಬುತ್ತೇನೆ. ಬಟ್ಟೆಯನ್ನು ಬಿಗಿಯಾಗಿ ಸುತ್ತಿ ನಿಧಾನ ತಳ್ಳಿ. ಬಿಗಿ, ಬಿಗಿ, ಥಟ್ಟನೆ ಸಡಿಲ, ಮತ್ತೆ ಬಿಗಿ ಅಂದರೆ ಅಲ್ಲೇ ಉಬ್ಬಿದೆ. ಅನುಮಾನ ತೀರದಿದ್ದರೆ ಗಾಳಕ್ಕೆ ಕಟ್ಟುವ ಮೆದು ಸೀಸದ ಗುಂಡು, ತೂತಿಗಿಂತ ಕೂದಲೆಳೆ ದಪ್ಪದ್ದು, ಎಣ್ಣೆ ಸವರಿ ಮುಂಬಾಯಿಯಿಂದ ಮರದ ಸುತ್ತಿಗೆಯಲ್ಲಿ ಕೂರಿಸಿ, ಮರದ ಕಡ್ಡಿಯಲ್ಲಿ ತಳ್ಳಿ. ತುಂಗೆಯಲ್ಲಿ ಮೀನು ಹಿಡಿಯುವ ಪಕ್ಕದ ಮನೆಯ ಹುಡುಗನ ಹತ್ತಿರ ಎರಡು ಇಸಕೊಂಡಿದ್ದೆ. ಒಂದೇ ಸಮ ಜಾರಿ ಬಂತು. ಅದರ ಮೈಮೇಲೆ ಗೀರುಗಳು ಅಚ್ಚೊತ್ತಿದ್ದು ಎಷ್ಟು ಚೆನ್ನಾಗಿತ್ತೆಂದರೆ ಭಾವ ಅದನ್ನು ಜೇಬಿಗೆ ಹಾಕಿಕೊಂಡು ಹೋದ. ಗುಜರಿಯ ಮಾತು ಆಮೇಲೆ ಎತ್ತಲಿಲ್ಲ.

ರಿವಾಲ್ವರಿನಲ್ಲಿ ಹಿಂಬಾಯಿಯನ್ನೂ ನೋಡಬೇಕು. ಆರು ಮನೆಗಳಿರುವ ಸಿಲಿಂಡರಿನಿಂದ ಗುಂಡು ಹಾರಿ ನಳಿಗೆಗೆ ಇಳಿಯುವ ಜಾಗ ಆಲಿಕೆಯ ಹಾಗೆ ಅಗಲವಾಗಿರುತ್ತದೆ. ಅಲ್ಲಿ ಬಿರುಕು ಕಂಡರೆ ಮಾತು ಮುಗಿಯಿತು. ಸೀಸ ಒಂದೇ ಪಕ್ಕಕ್ಕೆ ಮೆತ್ತಿದ್ದರೆ ದೋಷ ನಳಿಗೆಯದಲ್ಲ, ಸಿಲಿಂಡರಿನ ಮನೆ ನಳಿಗೆಯ ನೇರಕ್ಕೆ ನಿಲ್ಲುತ್ತಿಲ್ಲ ಅಂತ. ಎರಡರ ನಡುವಿನ ಸಂದನ್ನು ಬೈಕ್ ಮೆಕ್ಯಾನಿಕ್ಕುಗಳ ಫೀಲರ್ ಗೇಜಿನಲ್ಲಿ ಅಳೆಯಬಹುದು. ಸಾಮಾನ್ಯವಾಗಿ 0.1ರಿಂದ 0.2 ಮಿಲಿಮೀಟರ್ ಇದ್ದರೆ ಚಿಂತೆಯಿಲ್ಲ. ಇದರದ್ದು 0.15ರ ಪಟ್ಟಿ ಹಿಡಿಯಿತು, 0.2ರದ್ದು ಹಿಡಿಯಲಿಲ್ಲ.

ಇಷ್ಟೇ ನಮ್ಮ ಕೈಯ ಕೆಲಸ. ಅಂಚು ಕೆತ್ತುವುದು, ಆಲಿಕೆ ಸರಿ ಮಾಡುವುದು, ನಳಿಗೆ ಬದಲಿಸುವುದು ಲೈಸೆನ್ಸ್ ಇರುವ ಮಿಸ್ತ್ರಿಯದ್ದು. ಆಯುಧ ಕಾಯ್ದೆಯಲ್ಲಿ ರಿಪೇರಿಗೂ ಲೈಸೆನ್ಸ್ ಬೇಕು. ಲೇತ್ ಇದೆ ಅಂತ ವೆಲ್ಡಿಂಗ್ ಶಾಪಿನವನ ಕೈಗೆ ಕೊಟ್ಟರೆ ಕೇಸು ಇಬ್ಬರ ಮೇಲೂ ಬೀಳುತ್ತದೆ. ನಾನೂ ಹಾರಿಸುವ ಮೊದಲು ಒಬ್ಬ ಮಿಸ್ತ್ರಿಗೆ ತೋರಿಸಿದೆ. ಅವರು ಗುಳಿ ನೋಡಿ, "ಚರ್ಮದ ಚೀಲವಾ?" ಅಂತಷ್ಟೇ ಕೇಳಿದರು.

2024ರ ಲೋಕಸಭೆ ಚುನಾವಣೆ ಬಂದಾಗ ಅದು ನನ್ನ ಹೆಸರಿನಲ್ಲಿತ್ತು. ಎಣ್ಣೆ ಬಟ್ಟೆ ಹಾಯಿಸಿ, ಹತ್ತಿ ಚೀಲಕ್ಕೆ ಹಾಕಿ ಠಾಣೆಗೆ ಕೊಟ್ಟೆ. ಚರ್ಮದ್ದು ಮನೆಯಲ್ಲೇ ಉಳಿಯಿತು. ಜೂನ್ 4ಕ್ಕೆ ಎಣಿಕೆ ಮುಗಿದು ಬಿಡಿಸಿಕೊಂಡು ಬರುವಾಗ ಮಳೆ ಹೊಯ್ಯುತ್ತಿತ್ತು. ಮನೆಗೆ ಬಂದವನೇ ಬಿಳಿ ಬಟ್ಟೆ ತೂರಿಸಿದೆ. ಒಂದೇ ಒಂದು ಕಂದು ಚುಕ್ಕಿ ಬಂತು, ಮೂರನೇ ಗುಳಿಯ ನೇರಕ್ಕೆ. ಒರೆಸಿ, ಎಣ್ಣೆ ಹಚ್ಚಿ ಇಟ್ಟೆ.